ಒದ್ದರೆ ಇಳಿಯುವ ಗಾಲಿ

ಸಿನಿಮಾದವರಿಗೆ ಎಲ್ಲವೂ ಗೊತ್ತಿರಬೇಕೆಂದು ನಾನು ಯಾವತ್ತೂ ಹಟ ಹಿಡಿದವಳಲ್ಲ. ಡಾಕ್ಟರು ನಾಡಿ ಮುಟ್ಟಿದ ಕೂಡಲೇ "ನೀವು ತಾಯಿಯಾಗುತ್ತಿದ್ದೀರಿ" ಎಂದರೂ ಸಹಿಸಿಕೊಂಡಿದ್ದೇನೆ. ವಕೀಲರು ಜಡ್ಜ್ ಸಾಹೇಬರಿಗೆ ಬೆನ್ನು ತಿರುಗಿಸಿ ಜನರಿಗೆ ಭಾಷಣ ಮಾಡಿದರೂ ಮಂಡಕ್ಕಿ ತಿನ್ನುತ್ತ ಕೂತಿದ್ದೇನೆ. ಹೊಟ್ಟೆಗೆ ಗುಂಡು ಬಿದ್ದವನು ಪೂರಾ ಒಂದು ಹಾಡು ಹಾಡಿ ಆಮೇಲೆ ಸತ್ತರೂ, ಪಾಪ, ಅವನಿಗೆ ಅಷ್ಟಾದರೂ ಸಮಾಧಾನವಿರಲಿ ಎಂದುಕೊಂಡಿದ್ದೇನೆ. ಆದರೆ ತೆರೆಯ ಮೇಲೆ ವಿಮಾನ ಬಂತೆಂದರೆ ಮುಗಿಯಿತು. ನನ್ನೊಳಗಿನ ಒಳ್ಳೆಯ ಹೆಂಗಸು ಸೆರಗು ಕೊಡವಿಕೊಂಡು ಎದ್ದು ಹೊರಗೆ ಹೋಗುತ್ತಾಳೆ. ಅವಳ ಜಾಗದಲ್ಲಿ ಇನ್ನೊಬ್ಬಳು ಬಂದು ಕೂರುತ್ತಾಳೆ. ಅವಳ ಮುಖ ನೋಡಲಾಗದು ಎಂದು ನಮ್ಮವರು ಎಷ್ಟೋ ಸಲ ಹೇಳಿದ್ದಾರೆ.

ಇದಕ್ಕೆಲ್ಲ ಕಾರಣ ನನ್ನ ತವರು. ಅಪ್ಪ ಹೈದರಾಬಾದಿನ ವಿಮಾನ ನಿಲ್ದಾಣದ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದರು. ನಮ್ಮ ಕ್ವಾರ್ಟರ್ಸಿನ ಹಿತ್ತಲ ಗೋಡೆಯಾಚೆಗೇ ರನ್‌ವೇ. ಹಪ್ಪಳ ಒಣಹಾಕಿದ ದಿನ ಅಮ್ಮ ಕಾಗೆಗಳಿಗಿಂತ ವಿಮಾನಗಳನ್ನೇ ಹೆಚ್ಚು ಬೈಯುತ್ತಿದ್ದಳು. ಉಳಿದ ಮಕ್ಕಳ ಅಪ್ಪಂದಿರು ಊಟದ ಹೊತ್ತಿಗೆ ರಾಮ, ಕೃಷ್ಣ ಎಂದು ಕತೆ ಹೇಳಿದರೆ, ನಮ್ಮಪ್ಪ ಚಮಚೆಯನ್ನು ವಾರೆಯಾಗಿ ಹಿಡಿದು ರೆಕ್ಕೆಯ ಮೇಲೆ ಗಾಳಿ ಹೇಗೆ ಹಾಯುತ್ತದೆಂದು ತೋರಿಸುತ್ತಿದ್ದರು. ಓದಿದ್ದು ಕಾನ್ವೆಂಟಿನಲ್ಲಿ. ಬೆಳಗಿನ ಪ್ರಾರ್ಥನೆಯ ನಡುವೆ ವಿಮಾನ ತಲೆಯ ಮೇಲೆ ಹಾದರೆ ಸಿಸ್ಟರ್ ಆಗ್ನೆಸ್ ಅರ್ಧ ಶಬ್ದದಲ್ಲೇ ನಿಂತು, ಸದ್ದು ದೂರವಾದ ಮೇಲೆ ಉಳಿದರ್ಧ ಶಬ್ದವನ್ನು ಮುಗಿಸುತ್ತಿದ್ದರು. ದೇವರಿಗೂ ಅಷ್ಟು ತಾಳ್ಮೆ ಇತ್ತೆಂದು ಕಾಣುತ್ತದೆ. "ತಪ್ಪು ಕಂಡರೆ ಹೇಳು, ಮಗೂ, ಆದರೆ ಮೆತ್ತಗೆ ಹೇಳು" ಎಂಬುದು ಅವರ ಉಪದೇಶ. ನಾನು ಎರಡನ್ನೂ ಪಾಲಿಸಿಕೊಂಡು ಬಂದೆ. ಜೋರಾಗಿ ಬೈದವರನ್ನು ಜನ ಮರುದಿನ ಮರೆಯುತ್ತಾರೆ, ಮೆತ್ತಗೆ ತಿದ್ದಿದವರನ್ನು ಮಾತ್ರ ಜನ್ಮವಿಡೀ ಕ್ಷಮಿಸುವುದಿಲ್ಲ ಎಂಬುದನ್ನು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ಇಷ್ಟೆಲ್ಲ ಇದ್ದೂ ನಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಮೆಕ್ಯಾನಿಕರ ಮಕ್ಕಳು ವಿಮಾನ ತೊಳೆಯುವುದನ್ನು ನೋಡಬಹುದು, ಹತ್ತಿ ಕೂರುವಂತಿಲ್ಲ. ಮಿಠಾಯಿ ಅಂಗಡಿಯವರ ಮನೆಯಲ್ಲಿ ಹುಟ್ಟಿ ಪಥ್ಯದ ಗಂಜಿ ಕುಡಿದು ಬೆಳೆದ ಹಾಗೆ. ಮದುವೆಯಾದ ಮೇಲೆ ಆ ಆಸೆಯನ್ನು ಯಾರಿಗೂ ಹೇಳದೆ ಟ್ರಂಕಿನ ತಳದಲ್ಲಿಟ್ಟು ಸಿಂಧನೂರಿಗೆ ಬಂದೆ. ನಮ್ಮವರದು ಗೊಬ್ಬರ ಮತ್ತು ಎಣ್ಣೆ ಅಂಗಡಿ. ಎಣ್ಣೆ ಎಂದರೆ ಅಡುಗೆಯದಲ್ಲ, ಭತ್ತದ ಹುಳಕ್ಕೆ ಹೊಡೆಯುವ ಔಷಧಿ. ಈ ಕಡೆ ಅದಕ್ಕೆ ಹಾಗೇ ಅನ್ನುವುದು. ಹೊಸದರಲ್ಲಿ ನಾನು "ಅಂಗಡಿಯಿಂದ ಒಂದಿಷ್ಟು ಎಣ್ಣೆ ಕಳಿಸಿ, ಬಜ್ಜಿ ಮಾಡಬೇಕು" ಎಂದು ಹೇಳಿ ಕಳಿಸಿ ಇಡೀ ಬಜಾರನ್ನು ನಗಿಸಿದ್ದೆ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಓಣಿಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ವೀಡಿಯೋ. ಎದುರುಮನೆಯ ಶರಣಮ್ಮನವರದು ಅಕ್ಕಿ ಗಿರಣಿ, ಹಾಗಾಗಿ ಬಣ್ಣದ ಟಿವಿಯೂ ವಿಸಿಆರೂ ಅವರವೇ. ಸಿಂಧನೂರಿನ ಅಂಗಡಿಯ ಕ್ಯಾಸೆಟ್ಟುಗಳಲ್ಲಿ ನಾಯಕಿಯ ಮುಖಕ್ಕಿಂತ ಗೆರೆಗಳೇ ಹೆಚ್ಚು ಕಾಣುತ್ತಿದ್ದುದರಿಂದ, ಲಿಂಗಸುಗೂರಿನ ಅಂಗಡಿಯವರು ಬಸ್ಸಿನ ಕಂಡಕ್ಟರ ಕೈಯಲ್ಲಿ ಹೊಸ ಕ್ಯಾಸೆಟ್ ಕಳಿಸುತ್ತಿದ್ದರು. ಶರಣಮ್ಮನ ಪಡಸಾಲೆಯಲ್ಲಿ ಜಮಖಾನ ಹಾಸಿ, ನಡುವೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಯ ದೊಡ್ಡ ಪರಾತ ಇಟ್ಟು, ಓಣಿಯ ಗಂಡಸರು ಹೆಂಗಸರೆಲ್ಲ ಕೂರುತ್ತಿದ್ದೆವು. ಹಾಗೆ ಕೂತಾಗಲೇ ಒಂದು ಭಾನುವಾರ ಆ ವಿಮಾನದ ಸಿನಿಮಾ ಬಂತು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆ.

ಆ ವಿಮಾನ ನೆಲ ಬಿಡುವಾಗ ಅದಕ್ಕೆ ರೆಕ್ಕೆಗಳ ಮೇಲೆ ಗಿರಗಿರ ತಿರುಗುವ ಎರಡು ಫಂಕಗಳಿದ್ದವು. ಮೋಡದೊಳಗೆ ಹೊಕ್ಕಾಗ ಫಂಕಗಳಿರಲಿಲ್ಲ. ಮೋಡದಿಂದ ಹೊರಬರುವಾಗ ಬಾಲದ ಹತ್ತಿರ ಮೂರು ಎಂಜಿನ್ ಬೆಳೆದಿದ್ದವು. ಒಂದೇ ಪ್ರಯಾಣದಲ್ಲಿ ಮೂರು ವಿಮಾನ ಬದಲಾದರೂ ಪ್ರಯಾಣಿಕರಲ್ಲಿ ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ನಮ್ಮ ಮಸ್ಕಿ ಬಸ್ಸಿನಲ್ಲಿ ಸೀಟು ಬದಲಾದರೇ ಕೊರಳಪಟ್ಟಿ ಹಿಡಿಯುತ್ತಾರೆ. ಹೀರೋ ಪೈಲಟ್ಟು ಸ್ಟೇರಿಂಗನ್ನು ಕೆಸರಲ್ಲಿ ಸಿಕ್ಕ ಟ್ರ್ಯಾಕ್ಟರಿನಂತೆ ಗರಗರ ತಿರುಗಿಸುತ್ತಿದ್ದ. ಕಿಟಕಿಯಲ್ಲಿ ಮಾತ್ರ ಮೋಡಗಳು ನೆಟ್ಟಗೆ ಹಿಂದಕ್ಕೆ ಹೋಗುತ್ತಿದ್ದವು. ಅದೂ ಕಡುಬಿನ ಆಕಾರದ ಒಂದೇ ಮೋಡ ಮತ್ತೆ ಮತ್ತೆ ಬಂದು ಮುಖ ತೋರಿಸಿ ಹೋಗುತ್ತಿತ್ತು, ಮದುವೆ ಮನೆಯಲ್ಲಿ ಎರಡೆರಡು ಪಂಕ್ತಿಗೆ ಕೂರುವವರ ಹಾಗೆ. ಅಷ್ಟು ಸಾಲದೆಂದು ಆತ ಕಿಟಕಿ ತೆರೆದು ಮೊಣಕೈ ಹೊರಗಿಟ್ಟು ಹಾಡತೊಡಗಿದ. ಕೂದಲು ಹಾರಾಡಿತು. ಅಷ್ಟೆತ್ತರದಲ್ಲಿ ಕಿಟಕಿ ತೆರೆದರೆ ಹಾರುವುದು ಕೂದಲಲ್ಲ, ಹೀರೋ. ವಿಮಾನ ಪೂರ್ತಿ ವಾರೆಯಾಗಿರುವಾಗ ನಾಯಕಿ ಟ್ರೇಯಲ್ಲಿ ಚಹಾ ತಂದಳು. ಕಪ್ಪಿನಿಂದ ಒಂದು ಹನಿ ಕೆಳಗೆ ಬೀಳಲಿಲ್ಲ. "ಚಹಾ ಚೆಲ್ಲಬೇಕಾಗಿತ್ತು" ಎಂದು ನಾನು ಮೆತ್ತಗೆ ಹೇಳಿದೆ. ಪಕ್ಕದಲ್ಲಿ ಕೂತ ನಮ್ಮವರು ಮೊಣಕೈಯಿಂದ ತಿವಿದರು.

ಆಮೇಲೆ ಬಂತು ಗಾಲಿಯ ಪ್ರಸಂಗ. ವಿಮಾನ ಇಳಿಯಬೇಕು, ಆದರೆ ಮುಂದಿನ ಗಾಲಿ ಹೊರಗೆ ಬರುತ್ತಿಲ್ಲ. ಹೀರೋ ಸ್ಟೇರಿಂಗನ್ನು ನಾಯಕಿಯ ಕೈಗೆ ಕೊಟ್ಟು, "ಹೀಗೇ ಹಿಡಿದಿರು" ಎಂದು ಹೇಳಿ (ಹಾಲಿನ ಪಾತ್ರೆ ನೋಡಿಕೋ ಎನ್ನುವಂತೆ), ಎಲ್ಲಿಯೋ ಒಂದು ಹಲಗೆ ಎತ್ತಿ ವಿಮಾನದ ಹೊಟ್ಟೆಯೊಳಗೆ ಇಳಿದ. ಅಲ್ಲಿ ದೇವರನ್ನು ನೆನೆದು ಗಾಲಿಗೆ ಬೂಟುಗಾಲಿನಿಂದ ಒಂದು ಒದೆ ಕೊಟ್ಟ. ಗಾಲಿ ಧಡ್ಡೆಂದು ಇಳಿಯಿತು. ಪಡಸಾಲೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನಗೆ ತಡೆಯಲಾಗಲಿಲ್ಲ. ಗಾಲಿ ಒದ್ದರೆ ಇಳಿಯುವಂಥದ್ದಲ್ಲ, ಅದಕ್ಕೆ ಕೊಳವೆಗಳಲ್ಲಿ ಎಣ್ಣೆಯ ಒತ್ತಡ ಇರುತ್ತದೆ, ಅದು ಕೈಕೊಟ್ಟರೆ ಬೇರೆ ಉಪಾಯ ಇರುತ್ತದೆ, ಬೂಟಿಗೆ ಅಲ್ಲಿ ಕೆಲಸವಿಲ್ಲ ಎಂದು ಮೆತ್ತಗೇ ವಿವರಿಸಿದೆ.

ಶರಣಮ್ಮ ಪರಾತದಿಂದ ಕೈ ತೆಗೆದು ನನ್ನನ್ನು ನೋಡಿದರು. "ಅಲ್ಲವಾ ಸುಮಿತ್ರಾ, ಗಾಲಿ ಇಳೀಲಿಲ್ಲಂದ್ರ ಎಲ್ಲಾರೂ ಸತ್ತು ಹೋಗ್ತಾರಲ್ಲ. ಆಮ್ಯಾಲ ಲಗ್ನದ ಹಾಡು ಯಾರು ಹಾಡ್ಬೇಕು? ನಿಮ್ಮಪ್ಪ ಬಂದು ಹಾಡ್ತಾನೇನು?"

ಎಲ್ಲರೂ ನಕ್ಕರು. ಅಷ್ಟರಲ್ಲಿ ವಿಮಾನ ಹೋಗಿ ಇಳಿದದ್ದಾದರೂ ಎಲ್ಲಿ? ಭತ್ತದ ಗದ್ದೆಯಲ್ಲಿ! ನೆಟ್ಟಗೆ, ಅಂಚೆ ಪೆಟ್ಟಿಗೆಯೊಳಗೆ ಕಾರ್ಡು ಇಳಿದಂತೆ. ನನ್ನ ಸಿಟ್ಟು ಈಗ ಸಿನಿಮಾದವರನ್ನು ಬಿಟ್ಟು ಓಣಿಯವರ ಮೇಲೆ ತಿರುಗಿತು. ಸಿನಿಮಾದವರು ಗದ್ದೆ ನೋಡಿರಲಿಕ್ಕಿಲ್ಲ. ಇವರೋ, ದಢೇಸುಗೂರಿನ ಕಡೆ ಕಾಲುವೆ ನೀರು ಬಿಟ್ಟಾಗ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತಂದು, ಅದೂ ಹೂತಾಗ ಎರಡರ ಮೇಲೂ ಕೂತು ಬೀಡಿ ಸೇದಿದ ಜನ. ಇವರೂ ಚಪ್ಪಾಳೆ ತಟ್ಟುವುದೇ?

ಅಲ್ಲಿಂದ ಮುಂದೆ ಯಾವ ಸಿನಿಮಾದಲ್ಲೇ ಆಗಲಿ, ಆಕಾಶದ ಮೂಲೆಯಲ್ಲಿ ಚುಕ್ಕೆಯಷ್ಟು ವಿಮಾನ ಕಂಡರೂ ಇಡೀ ಪಡಸಾಲೆ ನನ್ನ ಕಡೆ ತಿರುಗುತ್ತಿತ್ತು. ನಾನು ನಿರಾಸೆ ಮಾಡುತ್ತಿರಲಿಲ್ಲ. ಎಂಜಿನ್ ನಿಂತ ವಿಮಾನವನ್ನು ಹೀರೋ ಬೆಟ್ಟದ ಸಂದಿಯಲ್ಲಿ ತೂರಿಸಿದರೆ "ಸಾಧ್ಯವಿಲ್ಲ" ಎನ್ನುತ್ತಿದ್ದೆ. ಟವರಿನಲ್ಲಿ ಕೂತ ಮುದುಕ ಮೈಕಿನಲ್ಲಿ ಹೇಳಿಕೊಟ್ಟು ನರ್ಸಮ್ಮನ ಕೈಯಲ್ಲಿ ವಿಮಾನ ಇಳಿಸಿದರೆ "ಸಾಧ್ಯವೇ ಇಲ್ಲ" ಎನ್ನುತ್ತಿದ್ದೆ. ಮೊದಮೊದಲು ತಿವಿಯುತ್ತಿದ್ದ ನಮ್ಮವರಿಗೂ ಬರಬರುತ್ತ ನನ್ನ ವಿದ್ಯೆಯ ಬಗ್ಗೆ ಹೆಮ್ಮೆ ಬಂತು. ಅಂಗಡಿಯಲ್ಲಿ ಬಳಗಾನೂರಿನ ರೈತರಿಗೆ ಔಷಧಿ ಕೊಡುತ್ತ, "ನಮ್ಮಾಕಿ ಹೇಳ್ತಾಳ, ಸಿನಿಮಾದಾಗ ತೋರ್ಸೋದು ಒಂದೂ ಖರೇ ಅಲ್ಲಂತ" ಎಂದು ಪಾಠ ಹೇಳುತ್ತಿದ್ದರಂತೆ. ನನ್ನ ಮಾತನ್ನು ಇಷ್ಟು ಮನಸ್ಸಿಟ್ಟು ಕೇಳುವ ಗಂಡ ಸಿಕ್ಕನಲ್ಲ ಎಂದು ನಾನು ಬೀಗಿದೆ.

ತೊಂಬತ್ತರ ದಶಕ ಶುರುವಾದ ಮೇಲೆ ಔಷಧಿ ಕಂಪನಿಗಳಿಗೆ ಒಂದು ಹೊಸ ಚಟ ಹತ್ತಿತು. ಹೆಚ್ಚು ಮಾಲು ಮಾರಿದ ಡೀಲರುಗಳಿಗೆ ಮೊದಲೆಲ್ಲ ಗೋಡೆ ಗಡಿಯಾರವನ್ನೋ ಸ್ಟೀಲ್ ಕೊಡವನ್ನೋ ಕೊಡುತ್ತಿದ್ದವರು, ಈಗ ಪ್ರವಾಸಕ್ಕೆ ಕಳಿಸತೊಡಗಿದರು. ಆ ವರ್ಷ ಭತ್ತಕ್ಕೆ ಹುಳ ಬಿದ್ದದ್ದೇ ಬಿದ್ದದ್ದು. ಒಂದು ದಿನ ಮಸ್ಕಿಯ ಡೀಲರ್ ಬಸವರಾಜಪ್ಪನವರು ಬಸ್ಸಿಳಿದು ನೇರವಾಗಿ ನಮ್ಮ ಮನೆಗೇ ಬಂದರು. "ಅಕ್ಕಾರ, ಮೊದ್ಲು ಬಾಯಿ ಸಿಹಿ ಮಾಡ್ರಿ. ನಮಗೂ ನಿಮಗೂ ಕಂಪನಿ ಬಹುಮಾನ ಹತ್ಯಾದ. ಗಂಡ-ಹೆಂಡ್ತಿ ಜೋಡಿ ಟಿಕೇಟು, ಹೈದರಾಬಾದಿನಿಂದ ದಿಲ್ಲಿಗೆ, ವಿಮಾನದಾಗ!" ಎಂದರು. ನಾನು ಸಕ್ಕರೆ ತರಲೆಂದು ಒಳಗೆ ಹೋದವಳು ಸಕ್ಕರೆ ಡಬ್ಬಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಹಿತ್ತಲ ಗೋಡೆಯಾಚೆ ನಿಲ್ಲುತ್ತಿದ್ದ ವಿಮಾನದೊಳಗೆ ನಾನು! ಕಣ್ಣಲ್ಲಿ ನೀರು ಬಂತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂತು.

ಡಬ್ಬಿ ಹಿಡಿದು ಹೊರಗೆ ಬಂದರೆ ನಮ್ಮವರು ತಂಬಿಗೆಯ ನೀರು ಕುಡಿದು ಹೇಳುತ್ತಿದ್ದರು: "ನಾ ಒಲ್ಲೆ ಬಸವರಾಜಪ್ಪ. ನೀವು ಹೋಗಿ ಬರ್ರಿ."

"ಯಾಕ್ರೀ?" ಎಂದು ನಾನೂ ಬಸವರಾಜಪ್ಪನವರೂ ಒಟ್ಟಿಗೆ ಕೇಳಿದೆವು.

ನಮ್ಮವರು ನನ್ನ ಕಡೆ ಬೊಟ್ಟು ಮಾಡಿದರು. "ಯಾಕಂತ ಈಕೀನ್ನ ಕೇಳ್ರಿ. ಸಿನಿಮಾದಾಗ ಗಾಲಿ ಇಳೀಲಿಲ್ಲಂದ್ರ ಹೀರೋ ಒದ್ದು ಇಳಸ್ತಾನ. ಒದ್ರ ಇಳಿಯಂಗಿಲ್ಲಂತ ಈಕೀನೇ ಹೇಳ್ಯಾಳ. ಮತ್ತ ಖರೇ ವಿಮಾನದಾಗ ಯಾರು ಒದೀತಾರ? ಯಾರೂ ಒದೆಯಂಗಿಲ್ಲ!"

"ಅಯ್ಯ, ಖರೇ ವಿಮಾನದಾಗ ಹಂಗ ಆಗಂಗಿಲ್ರೀ" ಎಂದೆ. "ಎಂಜಿನ್ ಎರಡಿರ್ತಾವ. ಒಂದು ಬಂದಾದ್ರೂ ಇನ್ನೊಂದರ ಮ್ಯಾಲ ಹೋಗ್ತದ."

"ಸಿನಿಮಾದಾಗೂ ಎರಡಿದ್ವು. ಎರಡೂ ಬಂದಾದ್ವು."

"ಅದು ಸಿನಿಮಾ!"

"ಹೂಂ, ಅದು ಸಿನಿಮಾ, ಅದಕ್ಕ ಬೆಟ್ಟದ ಸಂದ್ಯಾಗ ಹಾಯ್ಸಿ ಉಳಿಸಿದ. ಅದು ಸಾಧ್ಯಿಲ್ಲ ಅಂದಾಕಿ ನೀನೇ ಅಲ್ಲೇನು?"

ಇಷ್ಟಾಗುವಾಗ ಅತ್ತೆ ಬಾಗಿಲ ಹತ್ತಿರ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ಶಾಲೆಗೆ ಹೋದವರಲ್ಲ, ಭಾನುವಾರದ ವೀಡಿಯೋ ಒಂದೂ ಬಿಟ್ಟವರಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಹೇಳಿದರು: "ಅಲ್ಲಬೇ, ಸಿನಿಮಾದಾಗ ವಿಮಾನದ್ದು ತೋರ್ಸೋದು ಎಲ್ಲಾ ಸುಳ್ಳು ಅಂತೀದಿ. ಸಿನಿಮಾದಾಗ ಕಡೀಕ ಎಲ್ಲಾರೂ ಸುಖವಾಗಿ ಕೆಳಗ ಇಳೀತಾರ. ಅದೂ ಸುಳ್ಳೇ ಆತಲ್ಲ?"

ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ್ದರು, ಕಸೂತಿ ಕಲಿಸಿದ್ದರು, ತಿದ್ದುವುದನ್ನು ಕಲಿಸಿದ್ದರು. ಅದೆಲ್ಲ ಬಿಟ್ಟು ನಾನು ಸಕ್ಕರೆ ಡಬ್ಬಿಯನ್ನು ಬಸವರಾಜಪ್ಪನವರ ಮುಂದೆ ಹಿಡಿದೆ. ಬಸವರಾಜಪ್ಪನವರು ಸಕ್ಕರೆ ಬಾಯಿಗೆ ಹಾಕಿಕೊಂಡು, "ವಿಚಾರ ಮಾಡ್ರಿ. ಸೋಮವಾರ ಕಂಪನಿಯವ್ರಿಗೆ ಹೆಸರು ಕೊಡ್ಬೇಕು. ನೀವು ಒಲ್ಲೆ ಅಂದ್ರ ನಿಮ್ಮ ಜಾಗಾಕ್ಕ ಪಾಮನಕಲ್ಲೂರಿನ ನಮ್ಮ ಭಾವ, ಅಕ್ಕ ಬರ್ತಾರಂತ" ಎಂದು ಹೇಳಿ ಹೊರಟುಹೋದರು. ನಾನು ಕಾಣದ ಆ ಅಕ್ಕನ ಮೇಲೆ ನನಗೆ ಹುಟ್ಟಿದ ದ್ವೇಷವನ್ನು ಸಿಸ್ಟರ್ ಆಗ್ನೆಸ್ ಕಂಡಿದ್ದರೆ ನನ್ನನ್ನು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು.

ನಿಜ ಹೇಳಿ ಗಂಡನನ್ನು ಒಪ್ಪಿಸಲು ಸಾಧ್ಯವಿಲ್ಲವೆಂದು ಖಾತ್ರಿಯಾಯಿತು. ಅಪ್ಪ ಚಮಚೆಯಲ್ಲಿ ತೋರಿಸಿದ್ದನ್ನೆಲ್ಲ ನಾನೂ ಚಮಚೆಯಲ್ಲೇ ತೋರಿಸಿದೆ. ಚಮಚೆ ಕೈಜಾರಿ ಸಾರಿನೊಳಗೆ ಬಿತ್ತು. "ನೋಡಿದ್ಯಾ?" ಎಂದರು ನಮ್ಮವರು. ಇನ್ನುಳಿದದ್ದು ಒಂದೇ ದಾರಿ. ಶರಣಮ್ಮನ ಮನೆಗೆ ಹೋಗಿ, ಈ ಭಾನುವಾರ ಅದೇ ವಿಮಾನದ ಸಿನಿಮಾ ತರಿಸಿ ಎಂದು ಕೇಳಿಕೊಂಡೆ. "ಯಾಕವಾ, ಬೈಯೋದು ಇನ್ನೂ ಬಾಕಿ ಉಳದೈತೇನು?" ಎಂದರೂ, ಪಾಪ, ಲಿಂಗಸುಗೂರಿಗೆ ಹೇಳಿ ಕಳಿಸಿದರು.

ಆ ಭಾನುವಾರ ನಾನು ಎಲ್ಲರಿಗಿಂತ ಮುಂದೆ ಕೂತೆ. ನಮ್ಮವರನ್ನು ಎಡಕ್ಕೆ, ಅತ್ತೆಯನ್ನು ಬಲಕ್ಕೆ ಕೂರಿಸಿಕೊಂಡೆ. ಫಂಕದ ವಿಮಾನ ಮೋಡದಲ್ಲಿ ಹೊಕ್ಕು ಫಂಕ ಕಳೆದುಕೊಂಡು ಬಂತು. "ಜೋರಾಗಿ ತಿರುಗಿದ್ರ ಕಾಣಂಗಿಲ್ಲ" ಎಂದೆ. ಕಡುಬಿನ ಮೋಡ ಮತ್ತೆ ಬಂತು. "ಆಕಾಶದಾಗ ಮೋಡ ಎಲ್ಲಾ ಒಂದೇ ನಮೂನಿ ಇರ್ತಾವ" ಎಂದೆ. ಹೀರೋ ಕಿಟಕಿ ತೆರೆದ. ಒಂದು ಮಿರ್ಚಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಆ ದೃಶ್ಯ ದಾಟಿಸಿದೆ. ಇದರಲ್ಲೂ ಎಂಜಿನ್ ಬಂದಾಗಿ ಬೆಟ್ಟದ ಸಂದಿ ಬಂದಾಗ, "ಚೊಲೊ ಪೈಲಟ್ ಇದ್ರ ಇದೇನು ದೊಡ್ಡ ಮಾತಲ್ಲ" ಎಂದೆ. ಹಿಂದಿನಿಂದ ಯಾರೋ ಕೆಮ್ಮಿದರು. ಶರಣಮ್ಮ ಟಿವಿ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. "ಸುಮಿತ್ರಾ, ಮೈಯಾಗ ಆರಾಮ ಅದಿಯಿಲ್ಲ?" ಎಂದು ಹಣೆ ಮುಟ್ಟಿ ನೋಡಿದರು.

ಕೊನೆಗೆ ಗಾಲಿ ಬಂತು. ಹೀರೋ ಹಲಗೆ ಎತ್ತಿದ, ದೇವರನ್ನು ನೆನೆದ, ಬೂಟು ಎತ್ತಿದ. ನಮ್ಮವರು ತೆರೆಯನ್ನು ಬಿಟ್ಟು ನನ್ನನ್ನು ನೋಡಿದರು. ಅತ್ತೆಯೂ ನೋಡಿದರು. ಇಡೀ ಪಡಸಾಲೆ ನೋಡಿತು. ದಿಲ್ಲಿಯ ವಿಮಾನ ನನ್ನ ನಾಲಿಗೆಯ ತುದಿಯಲ್ಲಿ ನಿಂತಿತ್ತು.

"ಒದ್ರ ಇಳೀತದ" ಎಂದೆ.

"ಖರೇನ?" ಎಂದರು ನಮ್ಮವರು.

"ಖರೇ. ಹೊಸಾ ವಿಮಾನದಾಗ ಒದಿಯಾಕಂತನೇ ಜಾಗಾ ಮಾಡಿರ್ತಾರ."

ರಿಪೇರಿ ಶೆಡ್ಡಿನಲ್ಲಿ ಆಯುಷ್ಯ ಸವೆಸಿದ ಅಪ್ಪನ ಮಗಳು ಹೇಳಿದ ಮಾತಿದು. ಭತ್ತದ ಗದ್ದೆಯಲ್ಲಿ ವಿಮಾನ ಇಳಿದಾಗ ನಾನೇ ಮೊದಲು ಚಪ್ಪಾಳೆ ತಟ್ಟಿದೆ. ಮನೆಗೆ ಬಂದ ಮೇಲೆ ಅತ್ತೆ, "ಹಂಗಾರ ಹೋಗಿ ಬರ್ರಿ. ಒದೆಯಾವ ಹುಷಾರಿ ಅದಾನೋ ಇಲ್ಲೋ ಹತ್ತೋಕಿಂತ ಮೊದ್ಲು ನೋಡಿ ಹತ್ರಿ" ಎಂದು ಅಪ್ಪಣೆ ಕೊಟ್ಟರು. ನಮ್ಮವರದು ಒಂದೇ ಷರತ್ತು: "ಕಿಡಕಿ ಕಡೆ ನೀನೇ ಕೂಡು. ನಾ ಕೂಡಂಗಿಲ್ಲ." ದೇವರೇ, ಆ ಷರತ್ತಿಗೆ ನಾನು ಹರಕೆ ಹೊರಲೂ ತಯಾರಿದ್ದೆ! ಪಾಮನಕಲ್ಲೂರಿನ ಅಕ್ಕನ ಮೇಲಿನ ದ್ವೇಷವೂ ಆ ಕ್ಷಣವೇ ಕರಗಿತು. ಪಾಪ, ಒಳ್ಳೆಯ ಹೆಂಗಸಿರಬೇಕು ಅನ್ನಿಸಿತು.

ಹೈದರಾಬಾದಿನಲ್ಲಿ ವಿಮಾನ ಹತ್ತಿದೆವು. ಕಿಟಕಿಯ ಪಕ್ಕ ಕೂತೆ. ಬೆಲ್ಟು ಕಟ್ಟಿದೆ, ನಮ್ಮವರಿಗೂ ಕಟ್ಟಿದೆ. ಆಮೇಲೆ ಎಂಜಿನ್ ಸದ್ದು ಏರಿತು. ಅಲ್ಲಿಯೇ ಎಡವಟ್ಟಾಯಿತು. ರೆಕ್ಕೆಯ ಹಿಂದೆ ಏನೋ ಕಿರ್ರೆಂದಿತು. ಅದು ಏನೆಂದು ನನಗೆ ಗೊತ್ತಿತ್ತು, ಅದು ಕೆಟ್ಟರೆ ಏನಾಗುತ್ತದೆಂಬುದೂ ಗೊತ್ತಿತ್ತು. ನೆಲದಡಿ ಏನೋ ಗುಡುಗಿತು. ಅದೂ ಗೊತ್ತಿತ್ತು. ಅಪ್ಪ ಊಟದ ಹೊತ್ತಿಗೆ ಹೇಳಿದ್ದ ಒಂದೊಂದು ರಿಪೇರಿಯೂ ಸಾಲುಗಟ್ಟಿ ನೆನಪಿಗೆ ಬಂತು. ಅವರು ಕೆಟ್ಟ ವಿಮಾನಗಳ ಸುದ್ದಿಯನ್ನಷ್ಟೇ ಹೇಳುತ್ತಿದ್ದರೆಂಬುದು ನನಗೆ ಹೊಳೆದದ್ದು ಆಗಲೇ. ಚೆನ್ನಾಗಿರುವ ವಿಮಾನಗಳು ಅವರ ಶೆಡ್ಡಿಗೆ ಯಾಕೆ ಬರುತ್ತವೆ? ನಾನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ನಮ್ಮವರ ಕೈ ಹಿಡಿದೆ.

ನಮ್ಮವರೋ, ಏನೂ ಗೊತ್ತಿಲ್ಲದವರ ಪರಮಸುಖದಲ್ಲಿ ನನ್ನ ಮೇಲೆ ಬಾಗಿ ಕಿಟಕಿಗೆ ಮೂಗು ಒತ್ತಿದ್ದರು. "ಆಹಾ, ಎದ್ದೇ ಬಿಡ್ತು! ಏ, ಮನಿಗೋಳು ಸಣ್ಣಾದ್ವು!" ಎನ್ನುತ್ತಿದ್ದರು. ಕೆಳಗೆಲ್ಲೋ ಗಡ್ ಎಂದಿತು. "ಏನದು?" ಎಂದರು. "ಗಾಲಿ ಒಳಗ ಹೋದ್ವು" ಎಂದೆ, ಕಣ್ಣು ಮುಚ್ಚಿಕೊಂಡೇ. "ಯಾರರೆ ಒದ್ರೇನು?" ಎಂದು ಖುಷಿಯಿಂದ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ವಿಮಾನ ವಾರೆಯಾಗಿ ತಿರುಗುವಾಗ ಅವರ ಮುಂದೆ ಚಹಾ ಬಂದಿತ್ತು. "ನೋಡಬೇ, ಚಹಾ ಹಂಗೇ ನಿಂತದ! ಒಂದು ಹನಿ ಚೆಲ್ಲಿಲ್ಲ. ಸಿನಿಮಾದವ್ರು ಖರೇನೇ ತೋರಿಸಿದ್ರು. ನೀನೇ ಸುಳ್ಳು ಹೇಳಿದ್ದಿ" ಎಂದರು. ಹೇಗೆ ಎಂದು ನನಗೂ ಆಮೇಲೆ ಹೊಳೆಯಿತು. ಸರಿಯಾಗಿ ತಿರುಗಿಸಿದ ವಿಮಾನದಲ್ಲಿ ಚಹಾ ಚೆಲ್ಲುವುದೇ ಇಲ್ಲ. ತಂಬಿಗೆಯಲ್ಲಿ ನೀರು ತುಂಬಿ ಬೀಸಿ ತಿರುಗಿಸಿದರೆ ನೀರು ಬೀಳದಂತೆ. ಚಮಚೆಯ ಪಾಠದಲ್ಲಿ ಇದೊಂದನ್ನು ಅಪ್ಪ ಬಿಟ್ಟಿದ್ದರೋ, ನಾನೇ ಅನ್ನ ಕಲೆಸುವುದರಲ್ಲಿ ಕೇಳಲಿಲ್ಲವೋ. ಅದಿರಲಿ, ಇಂಥ ಸಿನಿಮಾದವರು ಸರಿಯಾಗಿದ್ದರೂ ತಿಳಿದು ಸರಿಯಾದವರಲ್ಲ. ಚೆಲ್ಲಿದರೆ ನಾಯಕಿಯ ಸೀರೆ ಹಾಳಾಗುತ್ತದೆಂದು ಸರಿಯಾದವರು. ಬರುವಾಗಲೂ ನನ್ನ ಕಣ್ಣು ತೆರೆಯಲಿಲ್ಲ. ದಿಲ್ಲಿ ಚೆನ್ನಾಗಿತ್ತು.

ಈಗ ಭಾನುವಾರ ಶರಣಮ್ಮನ ಪಡಸಾಲೆಯಲ್ಲಿ ವಿಮಾನ ಬಂದರೆ ಎಲ್ಲರೂ ನಮ್ಮವರ ಕಡೆ ತಿರುಗುತ್ತಾರೆ. ಅವರು ಮಂಡಕ್ಕಿ ಮುಕ್ಕುತ್ತ, ಮೋಡ ಯಾವ ನಮೂನಿ, ಬೆಲ್ಟು ಯಾವಾಗ ಬಿಚ್ಚಬೇಕು, ಏರುವಾಗ ಕಿವಿ ಹೇಗೆ ಕಟ್ಟುತ್ತದೆ ಎಂದೆಲ್ಲ ತೀರ್ಪು ಕೊಡುತ್ತಾರೆ. ಅರ್ಧಕ್ಕರ್ಧ ತಪ್ಪು. ನಾನು ಮೆತ್ತಗೆ ತಿದ್ದಲು ಹೋದರೆ ಶರಣಮ್ಮ, "ನೀ ಸುಮ್ನಿರವಾ, ಕಣ್ಣು ಮುಚ್ಕೊಂಡು ಹೋಗಿ ಕಣ್ಣು ಮುಚ್ಕೊಂಡು ಬಂದಾಕಿ" ಎನ್ನುತ್ತಾರೆ. ಅತ್ತೆ ತಲೆದೂಗುತ್ತಾರೆ. ನಾನು ಮಿರ್ಚಿಗೆ ಕೈ ಹಾಕುತ್ತೇನೆ. ಆದರೆ ಮೊನ್ನೆ ಇನ್ನೊಂದು ಅಂಥದೇ ದರಿದ್ರ ಸಿನಿಮಾದಲ್ಲಿ ನಾಯಕಿ ವಿಮಾನದ ಕಿಟಕಿಯಿಂದ ಹೊರಗೆ ನೋಡಿದಳು. ಹುಲ್ಲು ಸರಿಯಿತು, ರಸ್ತೆ ದಾರದಂತಾಯಿತು, ಮನೆಗಳು ಬೆಂಕಿಪೆಟ್ಟಿಗೆಗಳಾದವು. ವಿಮಾನ ಇರುವ ಎತ್ತರಕ್ಕೂ ಆ ಮನೆಗಳ ಅಳತೆಗೂ ತಾಳೆಯೇ ಇರಲಿಲ್ಲ, ನೆರಳು ಬೇರೆ ತಪ್ಪು ದಿಕ್ಕಿಗೆ ಬಿದ್ದಿತ್ತು. ನಾನು ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ, ಪೂರ್ತಿ ನೋಡಿದೆ. ನೆಲ ಬಿಟ್ಟು ಏರುವಾಗ ಕಿಟಕಿಯಲ್ಲಿ ಏನು ಕಾಣುತ್ತದೆಂದು ತಿಳಿದುಕೊಳ್ಳಲು ನನಗೆ ಬೇರೆ ದಾರಿಯಾದರೂ ಯಾವುದಿದೆ?